ಸುಮ್ಮನೆ ನಿಲ್ಲಲು ಬಾರದವನು

ನನ್ನ ಈ ಗೆಳೆಯನಿಗೆ ಒಂದು ವಿದ್ಯೆ ಮಾತ್ರ ಹತ್ತಲಿಲ್ಲ, ಸುಮ್ಮನೆ ನಿಲ್ಲುವುದು! ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ದೋಸೆ ಕಾವಲಿಯ ಮುಂದೆ ನಿಂತು ಲಂಡನ್ನಿನಲ್ಲಿ ಮನೆ ನಡೆಸುವ ನನಗೆ ಚೆನ್ನಾಗಿ ಬರುವ ವಿದ್ಯೆಯೇ ಅದು.

ಟೂಟಿಂಗಿನ ನಮ್ಮ ಹೋಟೆಲಿಗೆ ತರಕಾರಿ ವ್ಯಾನ್ ತರುವವನು ಇವನು. ಅಪ್ಪ ಘಾನಾದಿಂದ ಬಂದವರು, ಇವನು ಹುಟ್ಟಿದ್ದು ಇಲ್ಲೇ. ಬಾಗಿಲಿಗೆ ತಲೆ ತಾಗುವ ಎತ್ತರ, ಅದಕ್ಕೆ ತಕ್ಕ ಅಗಲ. ಇಂಥ ಆಳು ಈರುಳ್ಳಿ ಮೂಟೆ ಹೊತ್ತು ನಡೆದು ಬರುತ್ತಾನೆಂದುಕೊಂಡಿರಾ? ಕುಣಿದು ಬರುತ್ತಾನೆ! ಈರುಳ್ಳಿಗೂ ತಾಳ ಬಂದುಬಿಟ್ಟಿದೆಯೆಂದು ನನ್ನ ಗುಮಾನಿ.

ಅವನಿಗೆ ಹಾಡೇ ಬೇಕೆಂದಿಲ್ಲ. ಒಮ್ಮೆ ಅವನ ಫ್ಲ್ಯಾಟಿಗೆ ಹೋಗುವಾಗ ಲಿಫ್ಟ್ ಕೆಟ್ಟು ಇಬ್ಬರೂ ಒಳಗೆ ಸಿಕ್ಕಿಬಿದ್ದೆವು. ಅಪಾಯದ ಗಂಟೆ ಹೊಡೆದುಕೊಳ್ಳುತ್ತಿತ್ತು. ನಾನು ಮನೆದೇವರನ್ನು ನೆನೆಯುತ್ತಿದ್ದೆ, ಇವನು ಆ ಗಂಟೆಗೇ ಹೆಜ್ಜೆ ಹಾಕುತ್ತಿದ್ದ. ಲಿಫ್ಟಿಗೆ ಎರಡನೇ ಸಲ ಕೆಡುವ ಯೋಚನೆ ಬಂದಿರಬೇಕು!

ನಮ್ಮ ಅಡುಗೆಯ ಭಟ್ರು ಕುಂದಾಪುರದ ಕಡೆಯವರು, ಯಕ್ಷಗಾನದ ಹುಚ್ಚು. ಇವನ ಕುಣಿತ ಕಂಡ ಮೊದಲ ದಿನವೇ ತಪಲೆಯ ಮುಚ್ಚಳ ಬಡಿಯುತ್ತ ಭಾಗವತರಾಗಿಬಿಟ್ಟರು. ಇವನೋ, ಮೊಣಕಾಲೂರಿ ಅಡುಗೆಮನೆಯ ತುಂಬ ಗಿರ್ರನೆ ತಿರುಗಿದ. ಸಾಂಬಾರು ತಳ ಹಿಡಿಯಿತು. "ಇಂವ ನಮ್ ಮೇಳದಗೆ ಇರ್ಕಾಯಿತ್ ಮಾರಾಯಾ," ಎಂದು ನನಗೆ ಹೇಳಿದರು ಭಟ್ರು, ಮೇಳದಲ್ಲಿ ಇರಬೇಕಿದ್ದ ಆಳೆಂದು. ಅಂದಿನಿಂದ ಇವನು ನನ್ನನ್ನು ಕರೆಯುವುದೂ 'ಮಾರಾಯ' ಎಂದೇ.

ಆದರೆ ಒಬ್ಬರ ಮುಂದೆ ಮಾತ್ರ ಇವನು ಕಂಬ. ಅಪ್ಪ! ಬಸ್ಸು ಓಡಿಸಿ ನಿವೃತ್ತರಾದ ಬಿಗಿ ಮನುಷ್ಯ. ನಮ್ಮ ಬಣ್ಣದ ಗಂಡಸು ಕೈ ಬೀಸಿದರೂ ಈ ಊರು ಹೆದರುತ್ತದೆ, ಮೈ ಹಿಡಿತದಲ್ಲಿರಲಿ ಎಂದು ಚಿಕ್ಕಂದಿನಲ್ಲೇ ಹೇಳಿದ್ದರಂತೆ. ಅದು ಸಿಟ್ಟಲ್ಲ, ಮಗನಿಗೇನಾದರೂ ಆದೀತೆಂಬ ಭಯ. ಹಾಗಾಗಿ ಮಗ ಕುಣಿದದ್ದನ್ನು ಅವರು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಯಾರೋ ಒಂದು ಚಿಕ್ಕ ಸಿನಿಮಾ ಮಾಡಿದರು. ಕಪ್ಪು ಗಂಡಸರ ಕುಣಿತ, ಅವರ ನಗು, ಅಳು, ಅಷ್ಟೇ ಕತೆ. ಅದರಲ್ಲಿ ಇವನೂ ಇದ್ದ. ಸ್ಟ್ರಾಟ್‌ಫರ್ಡಿನ ಒಂದು ಸಭಾಂಗಣದಲ್ಲಿ ಪ್ರದರ್ಶನ. ಅಪ್ಪನನ್ನು ಕರೆದ ಮೇಲೆ ವಾರವಿಡೀ ಇವನು ಮೂಟೆ ಹೊತ್ತು ಬರೀ ನಡೆದೇ ಬಂದ! ಜ್ವರವೇನೋ ಎಂದು ಭಟ್ರು ಸ್ಟೂಲ್ ಹತ್ತಿ ಹಣೆ ಮುಟ್ಟಿ ನೋಡಿದರು.

"ಅಪ್ಪ ಮಧ್ಯದಲ್ಲಿ ಎದ್ದು ಹೋದ್ರೆ ನಾನು ಇನ್ನು ಕುಣಿಯೋದಿಲ್ಲ, ಮಾರಾಯ," ಎಂದ. ತಮಾಷೆಯಾಗಿರಲಿಲ್ಲ.

ಭಾನುವಾರ ನಾನು ಅವನ ಪಕ್ಕದಲ್ಲೇ ಕೂತೆ. ದೊಡ್ಡವರು, ಅಂದರೆ ಅವನ ಅಪ್ಪ, ಮುಂದಿನ ಸಾಲಿನಲ್ಲಿ. ಪರದೆಯ ಮೇಲೆ ಇವನು ಖಾಲಿ ಮಾರ್ಕೆಟ್ಟಿನಲ್ಲಿ ಕುಣಿದ, ಹಾರಿದ, ನಕ್ಕ. ಆಮೇಲೆ ಹೆಜ್ಜೆ ನಿಧಾನವಾಯಿತು. ತೀರಿಹೋದ ಅಮ್ಮನ ಹೆಸರು ಹೇಳಿ ನಿಂತಲ್ಲೇ ಅತ್ತ. ಕಣ್ಣೊರೆಸಿಕೊಳ್ಳದೆ ಮತ್ತೆ ಕುಣಿದ.

ಅಪ್ಪ ಎದ್ದರು.

ಇವನು ನನ್ನ ಮೊಣಕೈ ಹಿಡಿದ. ಕಾವಲಿಯ ಬಿಸಿಗೂ ಜಗ್ಗದ ಕೈ ನನ್ನದು, ಆದರೂ ನೋಯಿತು. ದೊಡ್ಡವರು ಬಾಗಿಲ ಕಡೆ ತಿರುಗಲಿಲ್ಲ. ನೆಟ್ಟಗೆ ಪರದೆಯ ಹತ್ತಿರ ಹೋದರು. ಹಿಂದಿನಿಂದ ಯಾರೋ ಕೂತುಕೊಳ್ಳಿ ಎಂದರು, ಅವರಿಗೆ ಕೇಳಿಸಿದಂತಿರಲಿಲ್ಲ. ಬಲಗೈ ಎತ್ತಿ, ಪರದೆಯಲ್ಲಿ ಕುಣಿಯುತ್ತಿದ್ದ ಮಗನ ತಲೆಯ ಮೇಲೆ ಎರಡು ಬೆರಳು ಹಿಡಿದರು. ನಮ್ಮ ಹೋಟೆಲಿನಲ್ಲಾದರೆ ಅದಕ್ಕೆ ಎರಡು ಕಾಫಿ ಎಂದರ್ಥ!

ಏನದು ಎಂದು ಪಿಸುಗುಟ್ಟಿದೆ.

"ಚೆನ್ನಾಗಿ ಕುಣಿದವರಿಗೆ ನಮ್ಮ ಘಾನಾದಲ್ಲಿ ಹಾಗೆ ಬೆರಳು ಹಿಡೀತಾರೆ," ಎಂದ.

ಅಷ್ಟು ಎತ್ತರದ ಆಳು ಕುರ್ಚಿಯಲ್ಲೇ ತಲೆ ಬಾಗಿಸಿದ, ಆ ಬೆರಳುಗಳು ತನಗೆ ತಾಗಲೆಂಬಂತೆ.