ಗಾಜುತಲೆಯ ವೀರನೂ ನಮ್ಮ ಅತ್ತೆಯೂ

ಈ ಭಾನುವಾರ ನನ್ನ ಹೆಂಡತಿ ಕರ್ಸ್ಟಿಯನ್ನು 'ಗಾಜುತಲೆ'ಯ ಭಕ್ತೆಯನ್ನಾಗಿ ಮಾಡಿಯೇ ತೀರುತ್ತೇನೆಂದು ಶಪಥ ಮಾಡಿದೆ. ಗಾಜುತಲೆ ಎಂದರೆ ಇಡೀ ಗ್ಲಾಸ್ಗೋದಲ್ಲಿ ನನ್ನಂಥ ಕೆಲವೇ ಪುಣ್ಯವಂತರು ಓದುವ ಕಾಮಿಕ್ಸ್ ಸರಣಿ. ಅದರ ನಾಯಕನಿಗೆ ತಲೆಯ ಜಾಗದಲ್ಲಿ ಗಾಜಿನ ಬುರುಡೆ, ಅದರೊಳಗೊಂದು ಮೀನು. ಮೀನು ಎಡಕ್ಕೆ ತಿರುಗಿದರೆ ಅವನು ಹಾರುತ್ತಾನೆ, ನಿದ್ದೆಹೋದರೆ ತನ್ನ ಹೆಸರನ್ನೇ ಮರೆಯುತ್ತಾನೆ. ಊರಿನ ಮಂಗಳವಾರಗಳನ್ನೆಲ್ಲ ಕದ್ದ ಖಳನನ್ನು ಅವನು ಓಡಿಸಿದ್ದು ಬರೀ ಆಕಳಿಸಿ.

"ಆಕಳಿಸಿದರೆ ಕಳ್ಳ ಯಾಕೆ ಓಡ್ತಾನೆ?" ಎಂದಳು ಕರ್ಸ್ಟಿ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ.

"ಕಾರಣ ಕೇಳಬಾರದು. ಅದೇ ಅದರ ಸೊಗಸು."

"ಓ, ನಮ್ಮ ಮದುವೆ ಥರ. ಅದು ಗಾಜಿನ ಬುರುಡೆನೋ, ಬರೀ ಬುರುಡೆನೋ?"

ಇನ್ನು ಮಾಡಿಯೇ ತೋರಿಸಬೇಕು ಅನ್ನಿಸಿತು. ಅವಳು ಸ್ನಾನಕ್ಕೆ ಹೋದದ್ದೇ ತಡ, ಅವಳ ಮುದ್ದಿನ ಮೀನು ಹೆಕ್ಟರನನ್ನು ಒಲೆಯ ಮೇಲೆ ನೀರು ತುಂಬಿಟ್ಟಿದ್ದ ಪಾತ್ರೆಗೆ ಬಿಟ್ಟು ಮುಚ್ಚಳ ಮುಚ್ಚಿದೆ. ಅವನ ಖಾಲಿ ಗಾಜಿನ ಬುರುಡೆಯನ್ನು ತಲೆಗೇರಿಸಿದೆ. ಸಲೀಸಾಗಿ ಇಳಿಯಿತು. ಕನ್ನಡಿಯಲ್ಲಿ ಸಾಕ್ಷಾತ್ ಗಾಜುತಲೆ! ತೆಗೆಯಲು ಹೋದರೆ ಕಿವಿಗಳು ಬಿಡಲೊಲ್ಲವು.

ಅಷ್ಟರಲ್ಲಿ ಊಟಕ್ಕೆ ಕರೆದಿದ್ದ ಅತ್ತೆ ಎಫೀ ಒಳಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನೆಗಡಿಯಾ?" ಎಂದವರೇ ಒಲೆಯ ಹತ್ತಿರ ಹೋದರು. "ಇನ್ನೂ ನೀರೇ ಕಾದಿಲ್ಲ. ಆಲೂಗಡ್ಡೆ ಬೇಯೋದು ಯಾವಾಗ?"

"ಹೆಕ್ಟರ್ ಇದ್ದಾನೆ ಅತ್ತೆ!" ಎಂದು ಕಿರುಚಿದೆ. ಹೊರಗೆ ಹೊರಟದ್ದು ಬರೀ ಗುಂಯ್. ಕಿವುಡಾದದ್ದು ನಾನೇ. ಅವರು ಗ್ಯಾಸ್ ಹಚ್ಚಲು ಕೈ ಚಾಚಿದರು. ಕಂಗೆಟ್ಟು ಎರಡೂ ಕೈ ಬೀಸಿದೆ. ಮೇಜಿನ ಮೇಲಿದ್ದ ಗಾಜುತಲೆಯ ಸಂಚಿಕೆಗಳೆಲ್ಲ ಅವರ ಕಾಲಬುಡಕ್ಕೆ ಬಿದ್ದವು.

"ಇದನ್ನ ಓದಬೇಕಾ?"

ಹೌದೆಂದು ತಲೆ ಅಲ್ಲಾಡಿಸಿದೆ. ಬುರುಡೆಯೂ ಅಲ್ಲಾಡಿತು. ಅತ್ತೆ ಒಲೆಯನ್ನು ಮರೆತು ಕುರ್ಚಿ ಎಳೆದುಕೊಂಡರು. ಒಂದು ಪುಟ ತಿರುವಿದರು, ಇನ್ನೊಂದು. ಆಮೇಲೆ ಭುಜ ಕುಲುಕತೊಡಗಿತು. "ಮಂಗಳವಾರ ಕದೀತಾನಂತೆ ಕಣೇ!" ಎಂದು ಸ್ನಾನದಲ್ಲಿದ್ದ ಮಗಳಿಗೆ ಕೂಗಿ ಹೇಳಿ ಬಿದ್ದು ಬಿದ್ದು ನಕ್ಕರು.

ಒದ್ದೆ ಕೂದಲಲ್ಲೇ ಓಡಿಬಂದ ಕರ್ಸ್ಟಿ ನನ್ನ ಬುರುಡೆ ನೋಡಿದಳು. "ಹೆಕ್ಟರ್ ಎಲ್ಲಿ?"

ಪಾತ್ರೆ ತೋರಿಸಿದೆ. ಅವಳು ಮುಚ್ಚಳ ತೆಗೆದು ನೋಡಿ, ಉಸಿರು ಬಿಟ್ಟು, ಬೆಣ್ಣೆ ತಂದು ಬುರುಡೆಯ ಬಾಯಿಗೆ ಸವರತೊಡಗಿದಳು. ಅರ್ಧ ಡಬ್ಬಿ ಮುಗಿಯುವಷ್ಟರಲ್ಲಿ ನಾನು ಹೊರಬಂದೆ. ಕಿವಿಗಳು ಬೇಯಿಸಿದ ಬೀಟ್‌ರೂಟಿನಂತಿದ್ದವು.

ಸಂಜೆ ಅತ್ತೆ ಹೊರಟಾಗ ಅಷ್ಟೂ ಸಂಚಿಕೆಗಳು ಅವರ ಚೀಲದಲ್ಲಿದ್ದವು.

"ಅತ್ತೆ, ಹೊಸದೊಂದನ್ನ ನಾನಿನ್ನೂ ಓದಿಲ್ಲ" ಎಂದು ಗೋಗರೆದೆ.

"ನೀನು ಓದಿದ್ದು ಸಾಕಪ್ಪಾ" ಎಂದರು ಅತ್ತೆ, ಚೀಲ ಹೆಗಲಿಗೇರಿಸುತ್ತ. "ಓದಿ ಏನಾದೆ ಅಂತ ಕಣ್ಣಾರೆ ನೋಡಿದೆನಲ್ಲ."