ಪುಕ್ಕಟೆ ಸೇವೆಗೆ ಪಗಾರ ಗೊತ್ತು ಮಾಡಿದ್ದು

ಪುಕ್ಕಟೆ ಸಿಕ್ಕಿದ್ದನ್ನು ಸುಮ್ಮನೆ ಅನುಭವಿಸುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ಬೈಲಹೊಂಗಲದ ದನದ ಪೇಟೆಯಲ್ಲಿ ಹಗ್ಗ, ಮೂಗುದಾರ ಮಾರುತ್ತ ಬದುಕು ಕಲಿತವನು ನಾನು. ಇವತ್ತು ಎತ್ತಿನ ದಲಾಲಿಯಲ್ಲಿ ಕಿತ್ತೂರಿನಿಂದ ರಾಮದುರ್ಗದವರೆಗೆ ನನ್ನ ಮಾತಿಗೆ ಕಿಮ್ಮತ್ತಿದೆ. ದರ ಕುದುರಿಸಲು ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದರೆ ಸಾಕು, ಅವನಿಗೆ ಎಷ್ಟು ಅವಸರವಿದೆ ಎಂದು ತಿಳಿದುಬಿಡುತ್ತದೆ. ಯಾರಾದರೂ ‘ರೊಕ್ಕ ಬ್ಯಾಡ, ಹಂಗ ಹೊಡಕೊಂಡು ಹೋಗ್ರಿ’ ಅಂದರೆ ನಾನು ಆ ಎತ್ತಿನಿಂದ ಎರಡು ಮಾರು ದೂರ ನಿಲ್ಲುತ್ತೇನೆ. ಕುಂಟು ಇಲ್ಲದಿದ್ದರೆ ಹಾಯುವ ಚಟವಾದರೂ ಇರಲೇಬೇಕು. ಓದುಗರಿಗೂ ನನ್ನ ಸಲಹೆ ಇದೇ. ಆದರೆ ಈ ಸಲಹೆಯನ್ನು ಪೇಟೆಯಲ್ಲಿಯೇ ಬಿಟ್ಟು ಮನೆಗೆ ಹೋಗಿರಿ. ನಾನು ಅದನ್ನು ಮನೆಗೂ ಕಟ್ಟಿಕೊಂಡು ಹೋದೆ.

ನಮ್ಮ ಹಿತ್ತಲಿನ ಆಚೆ ಮನೆ ಸಾಲೋಮಿಬಾಯಿಯವರದು. ಚರ್ಚಿನವರ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಹೊರದೇಶದ ದೇಣಿಗೆಯ ಕಾನೂನು ಬಿಗಿಯಾಯಿತು, ದವಾಖಾನೆಗೆ ಬೀಗ ಬಿತ್ತು. ಆಗಲೂ ನಾನು ಕರೆಯದೇ ಹೋಗಿ ಸಲಹೆ ಕೊಟ್ಟಿದ್ದೆ: “ಬೋರ್ಡಿನ ಮ್ಯಾಲಿನ ಶಿಲುಬಿ ತಗದು ಒಂದು ಆಲದ ಗಿಡ ಬರಸ್ರಿ, ಬಾಯಾರ. ಗಿಡಕ್ಕ ಯಾರೂ ತಕರಾರು ಮಾಡಂಗಿಲ್ಲ.” ಅವರು ನಕ್ಕು, “ಅಣ್ಣಾರ, ಔಷಧದ ರೊಕ್ಕ ಬೋರ್ಡಿನಿಂದ ಬರತಿದ್ದಿಲ್ಲರಿ” ಅಂದಿದ್ದರು.

ಆಮೇಲೆ ನಮ್ಮ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗಡೆ ಪೂರ್ತಿ ಬಿದ್ದುಹೋಯಿತು. ಸಾಲೋಮಿಬಾಯಿ ಯಾರೂ ಹೇಳದೇ ಮರುದಿನವೇ ಎಣ್ಣೆಯ ಬಟ್ಟಲು ಹಿಡಿದು ಬಂದರು. ದಿನಾ ಮುಂಜಾನೆ ಕಾಲು ತಿಕ್ಕಿ, ಮಡಚಿ, ಬಿಡಿಸಿ, ಬೈದು, ಎಬ್ಬಿಸಿ ನಿಲ್ಲಿಸಿದರು. ಮಗ್ಗಲು ಬದಲಿಸಲಾರದವಳು ಹೊಸ್ತಿಲವರೆಗೆ ಬಂದಳು; ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕುಳಿತಳು. “ಹಿಂಗ ಬಿಡದ ಮಾಡ್ರಿ, ತಮ್ಮಷ್ಟಕ್ಕ ತಾವು ನಡೀತಾರ” ಎಂದು ಡಾಕ್ಟರರೂ ಹೇಳಿದರು. ತಿಕ್ಕುವಾಗ ಸಾಲೋಮಿಬಾಯಿ ಯೇಸುವಿನ ಹಾಡು ಗುನುಗುತ್ತಿದ್ದರೆ, ಅವ್ವ ಸೊಟ್ಟ ಬಾಯಿಯಲ್ಲೇ ಸಿರಸಂಗಿ ಕಾಳವ್ವನ ಪದ ಎತ್ತುತ್ತಿದ್ದಳು. ಎರಡೂ ಸೇರಿದರೆ ಹಿತ್ತಲಿನ ಎಮ್ಮೆ ಬೆದರುತ್ತಿತ್ತೇ ಹೊರತು ಯಾವ ಧರ್ಮಕ್ಕೂ ಏನೂ ಆಗುತ್ತಿರಲಿಲ್ಲ.

ಇದರ ನಡುವೆ ಮತಾಂತರ ತಡೆಯುವ ಕಾನೂನು. ಒಂದು ಸರಕಾರ ತಂದಿತು, ಮುಂದಿನದು ತೆಗೆಯುತ್ತೇವೆ ಅಂದಿತು. ತೆಗೆದರೋ ಇಟ್ಟರೋ, ನಮ್ಮ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾರಿದ ಎಮ್ಮೆಯನ್ನು ಕೊಂಡವನು ನಮ್ಮ ಗೂಟದಲ್ಲೇ ಬಿಟ್ಟು ಹೋದಂತೆ. ಯಜಮಾನ ಯಾರೆಂದು ಗೊತ್ತಿಲ್ಲ, ಒದೆಯುವುದು ಮಾತ್ರ ನಿಂತಿಲ್ಲ. ಅದರಲ್ಲಿ ‘ಆಮಿಷ’ ಎಂಬುದೊಂದು ಶಬ್ದ. ಉಡುಗೊರೆ, ಹಣ, ನೌಕರಿ, ಪುಕ್ಕಟೆ ಶಿಕ್ಷಣ ಎಲ್ಲಾ ಅದರ ಹೊಟ್ಟೆಯೊಳಗೆ. ಆಮಿಷ ಒಡ್ಡಿಲ್ಲವೆಂದು ತೋರಿಸುವ ಹೊಣೆಯೂ ಆರೋಪ ಹೊತ್ತವರದೇ. ಸವದತ್ತಿಯ ಗುಡ್ಡದಲ್ಲಿ ಉಂಡರೆ ಪ್ರಸಾದ, ಚರ್ಚಿನ ಅಂಗಳದಲ್ಲಿ ಉಂಡರೆ ಪುರಾವೆ.

ಒಂದು ದಿನ ಚಹಾದಂಗಡಿಯಲ್ಲಿ ನಮ್ಮ ಓಣಿಯ ಇಬ್ಬರು ತರುಣರು ಪಕ್ಕಕ್ಕೆ ಬಂದು ಕುಳಿತರು.

“ಕಾಕಾ, ಆ ಬಾಯಿ ದಿನಾ ನಿಮ್ಮ ಮನ್ಯಾಗ ಏನ ಮಾಡ್ತಾಳ್ರಿ?”

“ಅವ್ವನ ಕಾಲ ತಿಕ್ಕತಾಳ.”

“ಪುಕ್ಕಟೆ?”

ಆ ಒಂದು ಶಬ್ದ ಕೇಳಿ ಚಹಾದ ಕಪ್ಪು ಕೆಳಗಿಟ್ಟೆ. “ಏ, ಇಲ್ಲಪಾ. ಪಗಾರದ ಮ್ಯಾಲ ಇಟ್ಟೇನಿ” ಅಂದೆ. “ಹಂಗಾರ ಬಿಡ್ರಿ” ಎಂದು ಎದ್ದು ಹೋದರು. ಒಂದೇ ಮಾತಿನಲ್ಲಿ ಎರಡು ಮನೆ ಉಳಿಸಿದೆ ಎಂದು ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಇನ್ನು ಉಳಿದದ್ದು ಸುಳ್ಳನ್ನು ಖರೇ ಮಾಡುವ ಕೆಲಸ.

ಮರುದಿನ ಮುಂಜಾನೆ ಅವ್ವನ ಹಾಸಿಗೆಯ ಬದಿಯಲ್ಲೇ ವ್ಯವಹಾರ ತೆಗೆದೆ. “ಬಾಯಾರ, ತಿಂಗಳಿಗೆ ಏನ ಕೊಡ್ಲಿ, ಹೇಳ್ರಿ.”

“ಏನ್ರಿ ಅಣ್ಣಾರ, ನನ್ನೂ ಪ್ಯಾಟಿಗೆ ಹೊಡಕೊಂಡು ಹೊಂಟೀರೇನು?” ಎಂದು ನಕ್ಕರು. ನಾನೊಂದು ಮೊತ್ತ ಹೇಳಿದೆ. ಬ್ಯಾಡ ಅಂದರು. ಏರಿಸಿದೆ. ಅವರು, “ಒಂದ ಕಪ್ ಚಹಾ ಕೊಡ್ರಿ, ಸಾಕು” ಎಂದು ಇಳಿಸಿದರು. ಕೊಡುವವನು ಏರಿಸುತ್ತ, ತೆಗೆದುಕೊಳ್ಳುವವರು ಇಳಿಸುತ್ತ ನಡೆದ ವ್ಯಾಪಾರವನ್ನು ನನ್ನ ಆಯುಷ್ಯದಲ್ಲಿ ಇದೊಂದೇ ಕಂಡದ್ದು. ಅಡುಗೆಮನೆಯಿಂದ ನನ್ನ ಹೆಂಡತಿ, “ಸುಮ್ಮ ಕುಂದರ್ರಿ! ನಡದದ್ದನ್ನ ಕೆಡಸಬ್ಯಾಡ್ರಿ” ಎಂದು ಒದರಿದಳು. ಕೇಳಲಿಲ್ಲ. ನಮ್ಮ ಪೇಟೆಯಲ್ಲಿ ಮಾತು ಹರಿಯದಿದ್ದರೆ ಎದುರಿನವರ ಕೈಯಲ್ಲಿ ಸಂಚಕಾರದ ನೋಟು ತುರುಕಿಬಿಡುತ್ತೇವೆ. ಮುಂಗಡ ಕೈಗೆ ಬಿತ್ತೆಂದರೆ ದನ ಮಾರಿದಂತೆ, ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಸಾಲೋಮಿಬಾಯಿಯ ಎಣ್ಣೆಗೈಯಲ್ಲಿ ನೋಟು ಇಟ್ಟು ಮುಷ್ಟಿ ಮುಚ್ಚಿಸಿ, “ಆತು, ಮುಗೀತು” ಅಂದೆ.

ಅವರ ನಗು ನಿಂತಿತು. “ಯಾಕ್ರಿ ಇದು?” ಎಂದರು. ಚಹಾದಂಗಡಿಯ ಮಾತು, ಕಾನೂನು, ಆಮಿಷ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿ, ಅವ್ವನ ಪಾದವನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟರು.

“ನನ್ನ ತವರಿನವರು ಬರಲಿಲ್ಲಂತ ನನ್ನ ಬಾಣಂತನ ಮಾಡಿದಾಕಿ ನಿಮ್ಮವ್ವರಿ, ಅಣ್ಣಾರ. ಅವಾಗ ಆಕಿ ನನ್ನ ಯಾವ ದೇವರ ಕಡೆ ಜಗ್ಗಾಕತ್ತಿದ್ಲು?”

ನೋಟನ್ನು ಅವ್ವನ ದಿಂಬಿನ ಹತ್ತಿರ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಕೊನೆಗೆ ನಾನೇ ಹೋದೆ. ಕೂರಿಸಿ ಚಹಾ ಕೊಟ್ಟರು.

“ಸಿಟ್ಟಿಲ್ಲರಿ. ಆದ್ರ ನೀವ ಅಂಜೀರಿ. ನಾಳೆ ಯಾರರ ಬಾಗಲಾಗ ನಿಂತು ಕೇಳಿದ್ರ, ‘ಈಕಿ ನಮ್ಮಾಕಿ, ಪುಕ್ಕಟೆನ ಬರತಾಳು, ಏನೀಗ?’ ಅಂತೀರೇನ್ರಿ?”

ಎತ್ತಿನ ಕುಂಟನ್ನೂ ಗುಣವೆಂದು ಮಾರಿದ ನಾಲಿಗೆ ನನ್ನದು. ಅವತ್ತು ಅದು ‘ಚಹಾ ಚಲೋ ಆಗೇತ್ರಿ’ ಅಂದಿತು, ಅಷ್ಟೇ. ಎದ್ದು ಬಂದೆ.

ಆಮೇಲೆ ನಿಜವಾಗಿಯೂ ಪಗಾರ ಕೊಟ್ಟು ಒಬ್ಬನನ್ನು ಇಟ್ಟೆ. ಅವನು ಒಂದು ಕಣ್ಣು ಮೊಬೈಲಿನಲ್ಲಿಟ್ಟು ಕಾಲು ತಿಕ್ಕುತ್ತಿದ್ದ. ಅವ್ವ ಸೆಟೆದು ಮಲಗುತ್ತಿದ್ದಳು. ಅವನೂ ಹೋದ. ಕಟ್ಟೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಹಾಸಿಗೆಗೆ ಅವ್ವ ಬಂದ ದಾರಿಯಲ್ಲೇ ವಾಪಸ್ ಹೋದಳು. ಹೆಂಡತಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದೆ ಕುಕ್ಕಿದಳು: “ಕಾನೂನು ತಿಳಿದವರು ನೀವ ತಿಕ್ಕರಿ.”

ಈಗ ದಿನಾ ನಾನೇ ತಿಕ್ಕುತ್ತೇನೆ. ಎತ್ತಿನ ಮೈ ಸವರಿದ ಕೈ, ಮನುಷ್ಯರ ನರ ಸಿಗುವುದಿಲ್ಲ. ನಿನ್ನೆ ಅವ್ವ ನನ್ನನ್ನೇ ನೋಡುತ್ತಿದ್ದವಳು ನಿಧಾನಕ್ಕೆ ಕೇಳಿದಳು.

“ಏನ ತಗೋತೀಪಾ ನೀ ಇದಕ್ಕ?”

“ಏನವ್ವಾ ಹಂಗಂದ್ರ? ನಾ ನಿನ್ನ ಮಗ. ನನಗೇನ ಕೊಡತಿ!”

“ಪುಕ್ಕಟೆ ಅಂದ್ರ ಆಮಿಷ ಅಂದ್ಯಲ್ಲೋ ಆಕಿಗೆ?” ಉಸಿರು ತೆಗೆದುಕೊಂಡು ಮತ್ತೆ ಅಂದಳು: “ಹೂಲಿ ಊರಾಗಿನ ಹೊಲ ಇನ್ನೂ ನನ್ನ ಹೆಸರಿಲೇ ಐತಿ.”

ನಾನು ಕಾಲನ್ನು ಇನ್ನೂ ಸ್ವಲ್ಪ ಮೆತ್ತಗೆ ಒತ್ತಿದೆ.