ಪಂಡರಿ ಇಟ್ಟ ಬಾಗಿಲು

ಪಂಡರಿ ಮಾಡಿದ ವೆಬ್‌ಪೇಜು ಬರೀ ಗೋಡೆ, ಅದಕ್ಕೆ ಬಾಗಿಲೇ ಇರಲಿಲ್ಲ. ಹಾಗೆಂದವರು ಹುಮನಾಬಾದಿನ ಶಾಲಾ ಮಂಡಳಿಯ ಅಧ್ಯಕ್ಷ ಮಾಣಿಕಪ್ಪ ಮಾಸ್ತರರು. ಅವರಿಗೆ ಕಣ್ಣು ಕಾಣದು. ಪರದೆಯ ಮೇಲಿನದನ್ನು ಮೊಬೈಲೇ ಓದಿ ಹೇಳುತ್ತದೆ. ಅಂದು ಮುಂಜಾನೆ ಅದು ಶಾಲೆಯ ಪುಟವನ್ನು ಜೋಳದ ಚೀಲ ಹರಿದಂತೆ ಒಂದೇ ಸಮನೆ ಸುರಿದುಬಿಟ್ಟಿತ್ತು.

"ತಮ್ಮಾ, ಬರೇ ಗ್ವಾಡಿ ಕಟ್ಟೀದಿ. ಅಡ್ಮಿಷನ್ ತಾರೀಖ ಬೇಕಂದ್ರ ಮೊದಲಿಂದ ಕಡೀತನಕ ಕೇಳಬೇಕೇನು? ಸಂಜಿ ಸಭಾದಾಗ ಸರಿ ಇದ್ರ ಕಂಪ್ಯೂಟರ್ ಮಾಸ್ತರಕಿ ನಿಂದೇ."

ಪಂಡರಿ ಬಸ್ಸು ಹಿಡಿದು ಬಸವಕಲ್ಯಾಣದ ತನ್ನ ಅಂಗಡಿಗೆ ಬಂದು ಕೂತ. ತಪ್ಪು ಹೊಳೆಯಿತು. ಅಕ್ಷರ ದಪ್ಪ ಮಾಡಿದರೆ ಕಣ್ಣಿಗಷ್ಟೇ ಶೀರ್ಷಿಕೆ; ಮೊಬೈಲಿಗೆ ಅದು ಶೀರ್ಷಿಕೆಯೆಂದು ಪುಟದ ಒಳಗೆ, ಕಣ್ಣಿಗೆ ಕಾಣದ ಟ್ಯಾಗೆಂಬ ಗುರುತಿನಲ್ಲಿ ಬರೆದು ಹೇಳಬೇಕು. ತಲೆಗೆ ಹೆಡರ್, ನಡುವಿಗೆ ಮೇನ್, ಅಡಿಗೆ ಫೂಟರ್ ಎಂದು ಪುಟವನ್ನು ಕೋಣೆಕೋಣೆಯಾಗಿ ಕಟ್ಟಿದ. ಶಾಲೆಯ ಹೆಸರು ಒಂದನೇ ಹಂತದ ಶೀರ್ಷಿಕೆ, 'ಅಡ್ಮಿಷನ್ ತಾರೀಖು', 'ಆಡಳಿತ ಮಂಡಳಿ' ಎರಡನೆಯದು, ಮಂಡಳಿಯ ಎಲ್ಲರ ಹೆಸರುಗಳು ಮೂರನೆಯದು.

ಅಷ್ಟರಲ್ಲಿ ಕಾರ್ಯದರ್ಶಿ ವೈಜಿನಾಥರ ಫೋನು. "ನನ್ನ ಹೆಸರು ಶಾಲಿ ಹೆಸರಿನಷ್ಟೇ ದೊಡ್ಡದಿರಬೇಕು ನೋಡಪಾ."

ಅದರ ಹಿಂದೆಯೇ, ಶಾಲೆಗೆ ಜಾಗ ಕೊಟ್ಟ ಸದಸ್ಯೆ ಗಯಾಬಾಯಿಯ ಫೋನು. "ಆ ವೈಜಿನಾಥಗಿಂತ ನನಗ ಕೆಳಗ ಕುಂದ್ರಸಬ್ಯಾಡೋ ಯಪ್ಪಾ!"

"ಆಯ್ತ್ರಿ" ಎಂದ ಪಂಡರಿ, ಎಲ್ಲರ ಹೆಸರಿನ ಅಕ್ಷರವನ್ನೂ ಕುಂಬಳಕಾಯಿಯಂತೆ ಉಬ್ಬಿಸಿದ. ಒಳಗಿನ ಹಂತ ಮುಟ್ಟಲಿಲ್ಲ. ಅದು ಯಾರ ಕಣ್ಣಿಗೆ ಬಿದ್ದೀತು?

ಸಂಜೆ ಸಭೆಯಲ್ಲಿ ಪರದೆಯ ಮೇಲೆ ತಮ್ಮ ಹೆಸರು ನೋಡಿ ವೈಜಿನಾಥರೂ ಗಯಾಬಾಯಿಯೂ ಬೀಗಿದರು. ಮಾಸ್ತರರು ಮೊಬೈಲಿನ ದನಿ ಏರಿಸಿ ಬೆರಳು ಸರಿಸಿದರು. ಒಂದೇ ಜಿಗಿತಕ್ಕೆ ಅಡ್ಮಿಷನ್ ತಾರೀಖು ಸಿಕ್ಕಿತು.

"ಬಾಗಲಾ ಬಂತು!" ಎಂದು ನಕ್ಕು, ಮತ್ತೆ ಸರಿಸಿದರು.

"ವೈಜಿನಾಥ. ಶೀರ್ಷಿಕೆ, ಮೂರನೇ ಹಂತ," ಎಂದಿತು ಮೊಬೈಲು.

ವೈಜಿನಾಥರು ಕಾದ ಹಂಚಿನ ಮೇಲೆ ಕೂತವರಂತೆ ಎದ್ದರು. "ಯಾರ್ರೀ ಮೂರನೇ ಹಂತ?"

"ಗಯಾಬಾಯಿ. ಶೀರ್ಷಿಕೆ, ಮೂರನೇ ಹಂತ."

"ಜಾಗಾ ಕೊಟ್ಟಿದ್ದಕ್ಕ ಇದಾ ಏನು ಮರ್ಯಾದಿ?"

ಮಾಸ್ತರರು ಕೈ ಎತ್ತಿ ಶಾಂತವಾಗಿ ಹೇಳಿದರು: "ಶರಣರು ನಡೆದಾಡಿದ ನೆಲದಾಗ ಕುಂತು ಮ್ಯಾಲ-ಕೆಳಗ ಅಂತ ಜಗಳಾಡಾಕತ್ತೀರಲ್ಲ! ಹುಡುಗ ಎಲ್ಲಾರ್ನೂ ಬರಾಬರ್ ಇಟ್ಟಾನ. ನೌಕರಿ ಇವಂದೇ."

ಇಬ್ಬರೂ ತಲೆ ತಗ್ಗಿಸಿ ಕೂತರು. ಪಂಡರಿಗೆ ಕಣ್ಣು ತುಂಬಿ ಬಂತು. ಮಾಸ್ತರರು ಸಮಾಧಾನದಿಂದ ಇನ್ನೊಮ್ಮೆ ಬೆರಳು ಸರಿಸಿದರು.

"ಮಾಣಿಕಪ್ಪ. ಶೀರ್ಷಿಕೆ, ಮೂರನೇ ಹಂತ."

ಮಾಸ್ತರರು ಅದನ್ನೇ ಮತ್ತೊಮ್ಮೆ ಓದಿಸಿ ಕೇಳಿದರು. ಆಮೇಲೆ ಮೊಬೈಲನ್ನು ನಿಧಾನವಾಗಿ ಜೇಬಿಗಿಳಿಸಿದರು.

"ನೌಕರಿ ಮಾತು ಮುಂದಿನ ವರ್ಷ ನೋಡಮು," ಎಂದರು. "ತಮ್ಮಾ, ಮುಂಜಾನಿ ಗ್ವಾಡಿನೇ ಛಲೋ ಇತ್ತು."